ಎಪ್ಪತ್ತೈದರಲ್ಲಿ ಒಂದು

ಬೀಟೆಯ ಪಟ್ಟಿ ಸುಮ್ಮನೆ ಬಗ್ಗುವುದಿಲ್ಲ, ಬೇಯಬೇಕು.
ಮನೆಯ ಇಡ್ಲಿ ಪಾತ್ರೆಯಲ್ಲಿ ಮುಕ್ಕಾಲು ಗಂಟೆ
ಆವಿಗಿಟ್ಟೆ. ಮರುದಿನದ ಇಡ್ಲಿ
ಕಂದು ಬಣ್ಣಕ್ಕೆ ತಿರುಗಿತ್ತು.
ಅಂದಿನಿಂದ ಆ ಪಾತ್ರೆ ಹಡಗಿನದು,
ನಮಗೆ ಬೇರೆ ಬಂತು.

ಭಾನುವಾರ ಹತ್ತಕ್ಕೆ ಅಶೋಕಪುರಂನ ಷೆಡ್ಡಿನ ಬೀಗ
ಪುಟ್ಟಮಾದು ತೆಗೆಯುತ್ತಾರೆ.
ಮೂವತ್ತೊಂದು ವರ್ಷ ರೈಲು ಬೋಗಿಗಳನ್ನು ಬಿಚ್ಚಿ ಕಟ್ಟಿದ ಕೈ
ಈಗ ಚಿಮಟದ ತುದಿಯಲ್ಲಿ
ಸಾಸಿವೆ ಗಾತ್ರದ ಹಿತ್ತಾಳೆ ಮೊಳೆ ಹಿಡಿದು ನಿಲ್ಲುತ್ತದೆ.
ಸೀನು ಬಂದರೆ ಹೊರಗೆ ಹೋಗಬೇಕು.
ನಮ್ಮ ಸಂಘಕ್ಕಿರುವ ನಿಯಮ ಅದೊಂದೇ.

ಹಲ್ಲಿನ ಡಾಕ್ಟರು ಪಂಕಜಾಕ್ಷಿ
ಸವೆದ ಡ್ರಿಲ್ ಮುಳ್ಳುಗಳನ್ನು ಡಬ್ಬಿಯಲ್ಲಿ ತರುತ್ತಾರೆ,
ತೂತು ಕೊರೆಯುವ ಮೊದಲು ಮರಕ್ಕೂ
"ನೋವಾದರೆ ಕೈ ಎತ್ತಿ" ಅನ್ನುತ್ತಾರೆ.
ಹಗ್ಗವೆಲ್ಲ ಜವರಮ್ಮನದು. ಕಾರ್ಖಾನೆಯಲ್ಲಿ
ಸೀರೆಯಾಗದೆ ಉಳಿದ ರೇಷ್ಮೆಯ ಎಳೆ,
ತೊಡೆಯ ಮೇಲೆ ಬತ್ತಿಯಂತೆ ಹೊಸೆದು
ಟೀ ಡಿಕಾಕ್ಷನ್ನಿನಲ್ಲಿ ಅದ್ದಿದರೆ
ಬಿಸಿಲು ಗಾಳಿ ಕಂಡ ಹುರಿ.

ಮಂಡಿ ಮೊಹಲ್ಲದ ಇಲಿಯಾಸ್ ಸಾಬರು
ಹಲಗೆಯಲ್ಲಿ ಆನೆ, ತಾಳೆಮರ, ಮುಳುಗುವ ಸೂರ್ಯ
ಕೂರಿಸಿ ಕೂರಿಸಿ ಬೇಸತ್ತು ಬಂದವರು.
"ನಲವತ್ತು ವರ್ಷ ಕೆರೆ ಮಾಡಿದೆ ಮೇಷ್ಟ್ರೇ,
ಒಂದರಲ್ಲೂ ನೀರಿರಲಿಲ್ಲ."

ಕಡಲ ಮೇಲೆ ಬದುಕಿದ್ದವನು ಲಿಗೋರಿ ಒಬ್ಬನೇ.
ಹನ್ನೊಂದು ವರ್ಷ ಸರಕಿನ ಹಡಗಿನಲ್ಲಿ ಅಡುಗೆ.
ಹಾಯಿ ಹೇಗೆ ಉಬ್ಬುತ್ತದೆ ಎಂದು ಕೇಳಿದರೆ
ಈರುಳ್ಳಿಯ ಬಗ್ಗೆ ಹೇಳುತ್ತಾನೆ:
ಅಲೆ ಎದ್ದಾಗ ಮೂಟೆ ಬಿಚ್ಚಿ ಅಷ್ಟೂ ಉರುಳಿ
ಒಂದು ಗೋಡೆಗೆ ಹೋಗಿ ನಿಂತು
ಸ್ವಲ್ಪ ಯೋಚಿಸಿ
ಇನ್ನೊಂದು ಗೋಡೆಗೆ ಹೊರಡುವುದನ್ನು.
ಅವನ ಹಡಗಿಗೆ ಹಾಯಿಯೇ ಇರಲಿಲ್ಲವಂತೆ.

ನಾನು ಡ್ರಾಯಿಂಗ್ ಮೇಷ್ಟ್ರು.
ಕಾಗದದ ಮೇಲೆ ನನ್ನ ಗೆರೆ ನೇರ.
ಎಡಗಡೆಯ ಏಳನೆಯ ಪಕ್ಕೆಲುಬು
ಅಕ್ಕಿಕಾಳಿನಷ್ಟು ಉಬ್ಬಿತು.
ಉಜ್ಜಬಹುದಿತ್ತು.
ಗೋಂದು ಆರಿತ್ತು, ಹಸಿವಾಗಿತ್ತು.
ಮೇಲೆ ಹಲಗೆ ಮುಚ್ಚಿತು.

ಎಪ್ಪತ್ತೈದರಲ್ಲಿ ಒಂದು, ಇದು ನಮ್ಮ ಅಳತೆ.
ಆ ಲೆಕ್ಕಕ್ಕೆ ನಾನು ಮುಕ್ಕಾಲು ಅಂಗುಲ, ಒಂದು ಕೂದಲು ಜಾಸ್ತಿ.
ಒಂದು ಮಧ್ಯಾಹ್ನ ಔಷಧದ ಚೀಟಿಯ ಬೆನ್ನಿಗೆ
ಪಂಕಜಾಕ್ಷಿ ಭಾಗಾಕಾರ ಹಾಕಿದರು.
ಕಣ್ಣೂರಿನ ಕಡಲು ನೂರೆಪ್ಪತ್ತು ಕಿಲೋಮೀಟರು,
ಎಪ್ಪತ್ತೈದರಿಂದ ಭಾಗಿಸಿದರೆ ಎರಡೂಕಾಲು.
ಯಾರೂ ಮಾತಾಡಲಿಲ್ಲ.
ಇಲ್ಲಿಂದ ಅಷ್ಟು ದೂರಕ್ಕೆ ಏನಿದೆಯೆಂದು
ಎಲ್ಲರಿಗೂ ಗೊತ್ತಿತ್ತು.

"ನೆನೆಯಲಿಕ್ಕೆ ಮಾಡಿದ್ದಲ್ಲ" ಎಂದು ಎರಡು ವಾರ ಜಗಳವಾಡಿದ ಸಾಬರೇ
ರಾತ್ರಿಯಿಡೀ ಕೂತು ತಳಕ್ಕೆ ಮೇಣ ತಿಕ್ಕಿದ್ದರು.
ಜವರಮ್ಮ ಸ್ಕೂಟರಿನ ಹಿಂದೆ,
ಮಡಿಲಲ್ಲಿ ಶಾಲು ಸುತ್ತಿದ ಹಡಗು,
ಸಿಗ್ನಲ್ಲಿನಲ್ಲಿ ಒಬ್ಬಾಕೆ ಬಗ್ಗಿ ಕೇಳಿದಳು, ಎಷ್ಟು ತಿಂಗಳು?
"ಇಪ್ಪತ್ತಾರು" ಎಂದಳು ಜವರಮ್ಮ.

ಕುಕ್ಕರಹಳ್ಳಿ ಕೆರೆ, ಬೆಳಗಿನ ಆರೂಕಾಲು.
ವಾಕಿಂಗಿನವರು ನಿಂತರು.
ಒಂದು ಹೆಜ್ಜಾರ್ಲೆ ಕತ್ತು ತಿರುಗಿಸಿ ನೋಡಿ
ತನಗೆ ಸಂಬಂಧವಿಲ್ಲವೆಂದು ತೀರ್ಮಾನಿಸಿತು.
ಟೀ ಬಣ್ಣದ ರೇಷ್ಮೆ ಸಡಿಲಾಯಿತು,
ಸಡಿಲಾಯಿತು,
ಪುಟ್ಟಮಾದು ಉಸಿರು ಬಿಡಲಿಲ್ಲ.

ನಿಂತಿತು.
ಆಮೇಲೆ ನಿಧಾನ, ಯಾರೋ ಕರೆದಂತೆ,
ಬಲಕ್ಕೆ ವಾಲಿತು. ಮುಳುಗಲಿಲ್ಲ. ವಾಲಿಕೊಂಡೇ
ಹೊರಟಿತು ಹುರಿ ಮುಗಿಯುವತನಕ.

ನಾನು ನೀರಿನ ಕಡೆ ನೋಡುತ್ತಿದ್ದೆ, ಬಹಳ ಶ್ರದ್ಧೆಯಿಂದ.
"ಎಲ್ಲ ಹಡಗೂ ವಾಲುತ್ತವೆ" ಎಂದ ಲಿಗೋರಿ,
"ಅಡುಗೆಯವನು ಮಲಗಿದ ಕಡೆಗೆ."
ಎಲ್ಲರೂ ನಕ್ಕರು.
ಸಾಬರು ನಗುತ್ತ
ಎಡಗಡೆಯ ಹಲಗೆಯ ಮೇಲೆ ಬೆರಳಾಡಿಸಿ ಒರೆಸಿದರು,
ಒಂದು ಕಡೆ ಬೆರಳು ನಿಂತಿತು.

ಮುಂದಿನ ಭಾನುವಾರ ನನ್ನ ಜಾಗದಲ್ಲಿ
ಉಪ್ಪುಕಾಗದದ ಒಂದು ಹಾಳೆ,
ಹೊಸದು, ನಾಲ್ಕು ಮಡಿಕೆ.
ಯಾರಿಟ್ಟದ್ದೆಂದು ನಾನು ಕೇಳಲಿಲ್ಲ.