ಹೆಪ್ಪು

ಪಾಳ್ಯದಿಂದ ಹಾಸನಕ್ಕೊಂದು ಬಸ್ಸು, ಅಲ್ಲಿಂದ ಇನ್ನೊಂದು.
ಕಾರೆಕೆರೆಯ ಲ್ಯಾಬಿನ ಬಾಗಿಲಲ್ಲಿ ಹೊಂಬಾಳಮ್ಮ,
ಕೈಯಲ್ಲಿ ಮುಚ್ಚಳ ಬಿಗಿದ ಸ್ಟೀಲು ಡಬ್ಬಿ.
ಊಟದ್ದು ಅಂದುಕೊಂಡೆ.
ತೆರೆದರೆ ಮಣ್ಣು.

‘ಮೂರು ವರ್ಷ ಶುಂಠಿಗೆ ಗುತ್ತಿಗೆ ಕೊಟ್ಟಿದ್ದೆ.
ಈಗ ರಾಗಿ ಹಾಕಿದರೆ ಮೊಣಕಾಲಿಗೇ ನಿಂತುಬಿಡ್ತದೆ.
ಸತ್ತಿದೆಯೋ ಬದುಕಿದೆಯೋ,
ಅದೊಂದು ಹೇಳಿ, ಸಾಕು.’

ನನ್ನ ಕೆಲಸ ಬೇರು ತೊಳೆಯುವುದು.
ಹದಿನೇಳು ವರ್ಷದಿಂದ.
ಕ್ಷಾರದ ನೀರಲ್ಲಿ ಕುದಿಸಿ, ಹುಳಿನೀರಲ್ಲಿ ಜಾಲಿಸಿ,
ನೀಲಿಯಲ್ಲಿ ಅದ್ದಿ,
ಉಗುರುದ್ದ ಕತ್ತರಿಸಿ ಗಾಜಿನ ಮೇಲೆ ಮಲಗಿಸಿ
ಎಣಿಸುವುದು:
ನೀಲಿ ಹತ್ತಿದ್ದೆಷ್ಟು, ಬೆಳ್ಳಗೆ ಉಳಿದದ್ದೆಷ್ಟು.
ಸಾಹೇಬರು ಅದಕ್ಕೊಂದು ಉದ್ದನೆ ಹೆಸರು ಹೇಳುತ್ತಾರೆ;
ನನ್ನ ಕಚ್ಚಾ ಪುಸ್ತಕದಲ್ಲಿ ಬರೀ ‘ನೆಂಟರು’.

ಆಕೆಯ ಡಬ್ಬಿಯಲ್ಲಿ ಸಿಕ್ಕ ನಾರುಬೇರು ನೂರು ತುಂಡು.
ನೆಂಟರು ನಾಲ್ಕು.

ಬಾಯಿಬಿಟ್ಟು ಹೇಳಲಾರದೆ
ಬದುವಿನ ಹುಲ್ಲಿನ ಬೇರೊಂದನ್ನು ದುರ್ಬೀನಿನಡಿ ಇಟ್ಟೆ.
ಒಂದು ಕಣ್ಣು ಮುಚ್ಚಿ ಬಗ್ಗಿದಳು.
ಬೇರಿನೊಳಗೆ ಕೋಣೆ,
ಕೋಣೆ ಕೋಣೆಯೊಳಗೂ ಒಂದೊಂದು ಮರ,
ಕೊಂಬೆಯೊಡೆದು, ಕವಲೊಡೆದು,
ಎಲೆಯೊಂದೂ ಇಲ್ಲದ ನೀಲಿ ಮರ.

‘ಯಾವ ಮರ ಇದು?’
‘ಮರವಲ್ಲ, ಬೂಷ್ಟು.’
ತಟ್ಟನೆ ತಲೆಯೆತ್ತಿದಳು,
ಉಪ್ಪಿನಕಾಯಿ ಜಾಡಿಗೆ ಯಾರೋ ಒದ್ದೆ ಕೈ ಹಾಕಿದಂತೆ.

ಹೇಳಿದೆ:
ಬೇರು ನುಸುಳಲಾರದ ಸಂದಿಗೆ ಇದು ನುಸುಳುತ್ತದೆ,
ಕೂದಲಿಗಿಂತ ಸಣ್ಣ ಎಳೆ ಚಾಚಿ ರಂಜಕ ತರುತ್ತದೆ,
ನೀರು ತರುತ್ತದೆ,
ಮಣ್ಣಿನ ಹುಡಿ ಹುಡಿಯನ್ನು ಹೆಣೆದು ಹಿಡಿಯುತ್ತದೆ.
ಗಿಡ ಬದಲಿಗೆ ಸಕ್ಕರೆ ಕೊಡುತ್ತದೆ.
‘ಲೆಕ್ಕ ಬರೆಯೋರ್ಯಾರು?’
ಯಾರೂ ಇಲ್ಲ.
ಡಿಎಪಿ ಚೀಲಗಟ್ಟಲೆ ಸುರಿದರೆ ಮಾತ್ರ
ಗಿಡ ಬಾಗಿಲು ಹಾಕಿಕೊಳ್ಳುತ್ತದೆ.
ಸಾಸಿವೆ, ಎಲೆಕೋಸು ಇವಕ್ಕಂತೂ ಹುಟ್ಟಿನಿಂದ ಯಾರ ಹಂಗೂ ಬೇಡ.
‘ನಮ್ಮ ಓರಗಿತ್ತಿ ಥರ’ ಎಂದಳು,
ಮೊದಲ ಸಲ ನಕ್ಕು.

ಪ್ಲಾಸ್ಟಿಕ್ ಡಬ್ಬಿಯಲ್ಲಿ ಪುಡಿ ತುಂಬಿಕೊಟ್ಟೆ,
ಕುಂಡದ ಜೋಳದ ಬೇರು, ಮಣ್ಣು, ಕಣ್ಣಿಗೆ ಕಾಣದ ಬೀಜಾಣು.
‘ಸಾಲಿನೊಳಗೆ, ಬಿತ್ತನೆಯ ಕೆಳಗೆ.
ಮೇಲೆ ಚೆಲ್ಲಬೇಡಿ.’
‘ಇಷ್ಟು ಹೊಲಕ್ಕೆ ಇಷ್ಟೇನಾ?’
ಅಲುಗಿಸಿ ನೋಡಿದಳು, ಮೂಸಿದಳು,
ಆಮೇಲೆ, ‘ಓ! ಹೆಪ್ಪು.’

ಗೋಡೆಯ ಚಿತ್ರಪಟ, ಬೀರುವಿನ ವರದಿಗಳು,
ಎಲ್ಲವೂ ಒಂದು ಗಳಿಗೆ ನನ್ನತ್ತ ನೋಡಿದವು.
‘ಹಾಕಿದ ಮೇಲೆ ಕದಲಿಸಬಾರದು, ಅಲ್ವಾ?’
ಹೌದಮ್ಮ,
ಉಳುಮೆ ಕಮ್ಮಿ ಮಾಡಿ ಎನ್ನಲು
ನಾವು ಎರಡು ಪುಟ ಅಚ್ಚು ಹಾಕಿಸಿದ್ದೆವು.

ರಾಗಿ ಕೊಯ್ಲು ಮುಗಿದ ವಾರ ಮತ್ತೆ ಬಂದಳು.
ಕುದಿಸಿ, ಜಾಲಿಸಿ, ಅದ್ದಿ, ಎಣಿಸಿದೆ.
ನೂರಕ್ಕೆ ಹತ್ತೊಂಬತ್ತು.
‘ಏನೂ ಸಾಲದು’ ಎಂದರು ಸಾಹೇಬರು ಕಾಗದದಿಂದ ಕಣ್ಣೆತ್ತದೆ.
‘ನಾಲ್ಕಿತ್ತು’ ಎಂದಳು ಹೊಂಬಾಳಮ್ಮ.
ತೆನೆ ಹೇಗಿತ್ತು ಅಂತ ಕೇಳಿದ್ದಕ್ಕೆ
ಕೈಯನ್ನು ಸೊಂಟದ ಹತ್ತಿರ ಹಿಡಿದು,
ಯೋಚಿಸಿ,
ನಾಲ್ಕು ಬೆರಳು ಕೆಳಗಿಳಿಸಿದಳು.

ಹೊರಡುವಾಗ ನಮ್ಮ ಡಬ್ಬಿ ಮೇಜಿನ ಮೇಲಿಟ್ಟಳು.
ಭಾರವಾಗಿತ್ತು.
ಹೊಲದ ಮಣ್ಣು, ಕೂಳೆಯ ಬೇರಿನ ಸಮೇತ.
‘ಖಾಲಿ ಡಬ್ಬಿ ವಾಪಸ್ ಕೊಡೋದುಂಟಾ?
ಯಾರಾದರೂ ಕೇಳಿಕೊಂಡು ಬಂದರೆ
ಇದರಲ್ಲೊಂದು ಚಮಚ ಹಾಕಿಕೊಡಿ.’

ಚೀಟಿ ಬರೆದು ಅಂಟಿಸಿದೆ:
ಪಾಳ್ಯ. ರಾಗಿ. ಹತ್ತೊಂಬತ್ತು.
ಮುಚ್ಚಳ ಪೂರ್ತಿ ಬಿಗಿಯಲಿಲ್ಲ.