ಇಮಾನದ ಮಾಳ

ಮದ್ದೂರಿನ ದಾರಿಯಲ್ಲಿ, ಆಲೆಮನೆ ದಾಟಿದರೆ ಸಿಗುವ ಕಬ್ಬಿನ ಗದ್ದೆಗೆ
ಇವತ್ತಿಗೂ ಇಮಾನದ ಮಾಳ ಅಂತಲೇ ಹೆಸರು.
ಪಹಣಿಯಲ್ಲಿ ಬರೀ ಸರ್ವೆ ನಂಬರು.

ಮಂಚಮ್ಮಜ್ಜಿಯ ಅಪ್ಪನಿಗೆ ಅಲ್ಲಿ ತಿಂಗಳಿಗೆ ಎಂಟು ರೂಪಾಯಿ:
ಮೇಲೆ ಸದ್ದಾದ ಕೂಡಲೇ ದನ ಅಟ್ಟಬೇಕು,
ಸುಣ್ಣದ ಗೆರೆ ಮಾಸಿದರೆ ಮತ್ತೆ ಎಳೆಯಬೇಕು.
ಗಾಳಿಯ ದಿಕ್ಕು ತೋರುವ ಚೀಲ
ಹೊಲಿದುಕೊಟ್ಟವರು ದಸ್ತಗೀರ್ ಸಾಬರು.
‘ಒಂಟಿ ಕಾಲಿನ ಪೈಜಾಮ,
ಅಳತೆ ಕೊಡೋಕೆ ಗಿರಾಕಿ ಮಾತ್ರ ಬರಲಿಲ್ಲ’
ಅಂತ ನಗುತ್ತಿದ್ದರಂತೆ.

ಬಂದಿಳಿದದ್ದೆಷ್ಟು?
ಚಾವಡಿಯ ಲೆಕ್ಕ ಹನ್ನೊಂದು,
ಅಜ್ಜಿಯ ಲೆಕ್ಕ ಮೂರೇ ಮೂರು.
ಮೂರನೆಯದು ಕೆಸರಲ್ಲಿ ಹೂತು
ಎರಡು ಜೋಡಿ ಎತ್ತು ಕಟ್ಟಿ ಎಳೆದರು;
ಇಳಿದವನು ಟೋಪಿ ತೆಗೆದು
ಮೊದಲು ಎತ್ತಿಗೆ ಕೈಮುಗಿದ.

ಆಮೇಲೆ ನಾಲೆ ಬಂತು.
ಮಟ್ಟ ಮಾಡಿಟ್ಟ ನೆಲ, ನೀರಿಗೆ ಸಲೀಸು.
ಸುಣ್ಣದ ಗೆರೆಯಿದ್ದಲ್ಲಿ
ಕಬ್ಬು ಇಂದಿಗೂ ಒಂದು ಗೇಣು ಕುಳ್ಳು.

ಚೀಲ ಏನಾಯ್ತಜ್ಜಿ, ಎಂದು ಕೇಳಿದ್ದೆ ಆಗ.
ಅಟ್ಟದಿಂದ ಇಳಿಸಿದಳು, ಹುರುಳಿ ತುಂಬಿತ್ತು,
ಸಣ್ಣ ಬಾಯಿಗೆ ದಬ್ಬಳದ ಹೊಲಿಗೆ.
‘ಗಾಳಿಗಾದ್ರೆ ಎರಡೂ ಕಡೆ ತೆರೆದಿದ್ರೆ ಸರಿ ಕಣಪ್ಪ,
ಕಾಳು ನಿಲ್ಬೇಕಲ್ಲ.’