ಫೈಲಿಯ ಮರಳು

ಹ್ಯಾಲಿಫ್ಯಾಕ್ಸಿನ ಗ್ಯಾರೇಜಿನಲ್ಲಿ ಎನಿಡ್
ಹಿಂಬದಿ ಹಲಗೆಯ ಕೊನೆಯ ಸ್ಕ್ರೂ ತಿರುವಿದಳು.
ಸುರಿಯಿತು ಮರಳು,
ಚಪ್ಪಲಿ ಮುಚ್ಚುವಷ್ಟು.

ಎರಡು ಪ್ಲೈವುಡ್ಡಿನ ನಡುವೆ ಮರಳು ತುಂಬಿದರೆ
ಪೆಟ್ಟಿಗೆ ತಾನಾಗಿ ಗುನುಗುವುದಿಲ್ಲ,
ಐವತ್ತೇಳರಲ್ಲಿ ಅಪ್ಪ ನಂಬಿದ್ದು.
ಫೈಲಿಯ ಕಡಲಂಚಿಂದ ಬಕೆಟ್ಟಿನಲ್ಲಿ ತಂದು
ಅಮ್ಮನ ಓವನ್ನಿನಲ್ಲಿ ಹುರಿದ ಮರಳು.
ಆ ಭಾನುವಾರ ಊಟಕ್ಕೆ ಬರೀ ಬ್ರೆಡ್ಡು.

ಕೆಪಾಸಿಟರ್ ಹೊಸದು.
ಬಿರಿದ ಕೋನಿನ ಅಂಚಿಗೆ ಮೇಕೆಯ ತೊಗಲು.
ಮೇಲೊಂದು ಪುಟ್ಟ ಟ್ವೀಟರ್:
ಅಪ್ಪ ಒಪ್ಪುತ್ತಿರಲಿಲ್ಲ,
ಕಿವಿ ಮಂದವಾದ ಮೇಲೂ ವಾದಿಸುತ್ತಿದ್ದ.

ಮರಳನ್ನು ಜರಡಿ ಹಿಡಿದಳು.
ಉಳಿದದ್ದು ಚಿಪ್ಪಿನ ಚೂರುಗಳು, ಮತ್ತೆ
ಕಾವಿಗೆ ಅರ್ಧ ಕರಗಿದ ಕೆಂಪು ಗುಂಡಿ.
ತನ್ನ ಸ್ವೆಟರಿನದಿರಬಹುದು.
ಇರಲಿಕ್ಕಿಲ್ಲ.

ಚಿಪ್ಪು ಎಸೆದಳು, ಸದ್ದು ಮಾಡೀತೆಂದು.
ಗುಂಡಿಯನ್ನು ಮರಳಿನ ಜೊತೆ
ಒಳಗೇ ಬಿಟ್ಟು
ಸ್ಕ್ರೂ ಬಿಗಿದಳು.
ಗಿಲಿಗಿಲಿ ಅಂದರೆ ಅನ್ನಲಿ.